ಬಾವಿಗೆ ಬ್ಲೀಚಿಂಗ್ ಪುಡಿ: ಮುಷ್ಟಿ ಲೆಕ್ಕ ಬೇಡ

ಮುಂಗಾರು ಹಿಡಿಯಿತೆಂದರೆ ಈ ಅಂಕಣಕ್ಕೆ ಬರುವ ಪತ್ರಗಳೆಲ್ಲ ಬಾವಿಯ ಸುತ್ತಲೇ ಸುತ್ತುತ್ತವೆ. ಏಪ್ರಿಲ್‌ನಲ್ಲಿ ನೀರಿಲ್ಲ ಎಂದು ಬರೆದವರೇ ಜೂನ್‌ನಲ್ಲಿ ನೀರಿದೆ, ಆದರೆ ಕುಡಿಯಲು ಧೈರ್ಯವಿಲ್ಲ ಎಂದು ಬರೆಯುತ್ತಾರೆ. ಆರೋಗ್ಯ ಇಲಾಖೆಯ ನೌಕರಿಯಲ್ಲಿ ಕರಾವಳಿ, ಮಲೆನಾಡಿನ ಬಾವಿಕಟ್ಟೆಗಳಿಗೆ ಬಗ್ಗಿ ನೋಡಿಯೇ ಸೊಂಟ ಸವೆಸಿಕೊಂಡವನು ನಾನು. ಆದ್ದರಿಂದ ಈ ಸಲದ ಅಂಕಣವನ್ನು ಮನೆ ಬಾವಿಗೇ ಬಿಟ್ಟುಕೊಟ್ಟಿದ್ದೇನೆ. ಒಂದು ವಿನಂತಿ: ಪತ್ರ ಬರೆಯುವಾಗ ‘ನಮ್ಮದು ದೊಡ್ಡ ಬಾವಿ’ ಎಂದು ಬರೆಯಬೇಡಿ. ಬಾಯಿಯ ಅಗಲ ಎಷ್ಟು ಅಡಿ, ನೀರು ಎಷ್ಟು ಅಡಿ ಎಂದು ಬರೆಯಿರಿ. ‘ದೊಡ್ಡದು’ ಎಂಬುದಕ್ಕೆ ಪುಡಿ ತೂಗಿಕೊಡಲು ಆಗುವುದಿಲ್ಲ.

ಪ್ರಶ್ನೆ: ನಮ್ಮದು ಮುರಕಲ್ಲಿನ ಬಾವಿ, ಎಂಟು ಅಡಿ ಅಗಲ. ಮೊದಲ ಮಳೆಗೆ ನೀರು ಕೆಂಪಗೆ ಕದಡಿತ್ತು, ಈಗ ತಿಳಿಯಾಗುತ್ತಿದೆ. ಆಶಾ ಕಾರ್ಯಕರ್ತೆ ಬ್ಲೀಚಿಂಗ್ ಪುಡಿ ಕೊಟ್ಟು ಹೋಗಿದ್ದಾರೆ. ಒಂದು ಮುಷ್ಟಿ ಎಸೆದರೆ ಸಾಕು, ಮೊದಲಿನಿಂದಲೂ ಹಾಗೆಯೇ ಮಾಡಿದ್ದು ಎನ್ನುತ್ತಾರೆ ಮಾವ. ನಿಜವೇ? – ಗೃಹಿಣಿ, ಹೆಬ್ರಿ

ಉತ್ತರ: ನಿಮ್ಮ ಮಾವನವರ ಮುಷ್ಟಿ ಎಷ್ಟು ಗ್ರಾಂ ಎಂಬುದು ನನಗೂ ಗೊತ್ತಿಲ್ಲ, ಅವರಿಗೂ ಗೊತ್ತಿರಲಾರದು. ತೊಂದರೆ ಇರುವುದು ಅಲ್ಲಿಯೇ. ಕಡಿಮೆಯಾದರೆ ರೋಗಾಣು ಸಾಯುವುದಿಲ್ಲ. ಹೆಚ್ಚಾದರೆ ವಾಸನೆಗೆ ಹೆದರಿ ಮನೆಯವರು ಆ ನೀರನ್ನು ಬಿಟ್ಟು ಪಕ್ಕದ ತೋಡಿನ ನೀರನ್ನು ಕುಡಿಯುತ್ತಾರೆ. ಎಸೆದ ಪುಡಿಯಂತೂ ಅರ್ಧ ಮೇಲೆ ತೇಲಿ, ಅರ್ಧ ಸುಣ್ಣದ ಗಸಿಯಾಗಿ ತಳ ಸೇರುತ್ತದೆ. ನಡುವಿನ ನೀರಿಗೆ ಅದರ ಸುದ್ದಿಯೇ ಇರುವುದಿಲ್ಲ.

ಮೊದಲು ನೀರಿನ ಅಳತೆ. ಹಗ್ಗಕ್ಕೆ ಕಲ್ಲು ಕಟ್ಟಿ ತಳ ಮುಟ್ಟುವವರೆಗೆ ಇಳಿಸಿ ಎಳೆದುಕೊಳ್ಳಿ. ಹಗ್ಗ ಎಷ್ಟು ಒದ್ದೆಯಾಗಿದೆಯೋ ಅಷ್ಟು ನೀರು. ಅಗಲವನ್ನು ಒಳಗಿನಿಂದ ಒಳಕ್ಕೆ ಅಳೆಯಬೇಕು, ಕಟ್ಟೆಯ ದಪ್ಪ ಸೇರಿಸಬಾರದು. ಅಡಿ ಲೆಕ್ಕದಲ್ಲಿ ಅಗಲವನ್ನು ಅಗಲದಿಂದಲೇ ಗುಣಿಸಿ, ಅದನ್ನು ನೀರಿನ ಆಳದಿಂದ ಗುಣಿಸಿ, ಬಂದದ್ದನ್ನು 22ರಿಂದ ಗುಣಿಸಿದರೆ ಲೀಟರ್ ಸಿಗುತ್ತದೆ. ನಿಮ್ಮ ಬಾವಿಯಲ್ಲಿ ಈಗ 12 ಅಡಿ ನೀರಿದೆ ಎಂದುಕೊಳ್ಳೋಣ. 8 × 8 × 12 × 22, ಅಂದರೆ ಹತ್ತಿರ ಹತ್ತಿರ 17,000 ಲೀಟರ್. ಒಳ್ಳೆಯ ಬ್ಲೀಚಿಂಗ್ ಪುಡಿಯಾದರೆ ಸಾವಿರ ಲೀಟರಿಗೆ ಎರಡೂವರೆ ಗ್ರಾಂ ಸಾಕು. ನಿಮಗೆ ಬೇಕಾದ್ದು 42–43 ಗ್ರಾಂ. ಮಳೆಯ ಕೆಸರು ನೀರು ಈಗಷ್ಟೇ ಒಳಗೆ ನುಗ್ಗಿರುವುದರಿಂದ ಮೊದಲ ಸಲ ಇದರ ಎರಡರಷ್ಟು, ಅಂದರೆ 85 ಗ್ರಾಂ ಹಾಕಿ. 2018ರ ಆಗಸ್ಟ್ ಪ್ರವಾಹದ ನಂತರ ಕೇರಳದಲ್ಲಿ ಮನೆ ಬಾವಿಗಳಿಗೆ ಹೇಳಿದ್ದೂ ಇದೇ ಲೆಕ್ಕ: ಸಾವಿರ ಲೀಟರಿಗೆ ಐದು ಗ್ರಾಂ. ನಂತರದ ಸಲಗಳಿಗೆ ಎರಡೂವರೆಗೆ ಇಳಿಸಿ. ತೂಕಕ್ಕೆ ಕಿರಾಣಿ ಅಂಗಡಿಯ ತಕ್ಕಡಿಯೇ ಸಾಕು. ಮಳೆಗಾಲದ ನಡುವೆ ನೀರು ಇಪ್ಪತ್ತು ಅಡಿಗೆ ಏರಿದರೆ ಲೆಕ್ಕವನ್ನೂ ಏರಿಸಬೇಕು. ಜೂನ್‌ನ ಲೆಕ್ಕ ಆಗಸ್ಟ್‌ಗೆ ಹೊಂದುವುದಿಲ್ಲ.

ಇನ್ನು ಪುಡಿಯ ಪರೀಕ್ಷೆ. ತಾಜಾ ಬ್ಲೀಚಿಂಗ್ ಪುಡಿಯಲ್ಲಿ ತೂಕದ ಸುಮಾರು ಶೇ 33ರಷ್ಟು ಕ್ಲೋರಿನ್ ಇರುತ್ತದೆ. ಬಾಯಿ ತೆರೆದಿಟ್ಟ ಚೀಲ ನಮ್ಮ ಕಡೆಯ ಜುಲೈ ತಿಂಗಳ ಗಾಳಿಗೆ ಸಿಕ್ಕರೆ ಆ ಶಕ್ತಿ ಹಾರಿಹೋಗುತ್ತದೆ. ಒಣಗಿ ಉದುರುದುರಾಗಿದ್ದು, ಮುಚ್ಚಳ ತೆಗೆದ ಕೂಡಲೇ ಮೂಗಿಗೆ ಚುರ್ರೆಂದರೆ ಬಳಸಬಹುದು. ಉಂಡೆಗಟ್ಟಿ, ಬೆವರಿ, ವಾಸನೆ ಸತ್ತಿದ್ದರೆ ಅದು ಬರೀ ಸುಣ್ಣ, ಚರಂಡಿಗೂ ದಂಡ. ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿ, ಬೆಳಕು ಬೀಳದ ಕಡೆ, ಮಕ್ಕಳ ಕೈಗೆಟುಕದಂತೆ ಇಡಿ. ಪಾಯಿಖಾನೆ ತೊಳೆಯುವ ಆಸಿಡ್ ಇರುವ ಕಪಾಟಿನಲ್ಲಂತೂ ಬೇಡವೇ ಬೇಡ. ಎರಡೂ ಬೆರೆತರೆ ವಿಷಾನಿಲ ಏಳುತ್ತದೆ.

ಹಾಕುವ ಹೊತ್ತು ರಾತ್ರಿ. ಮನೆಯ ಸೇದುವ ಕೆಲಸವೆಲ್ಲ ಮುಗಿದಿರಬೇಕು. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ತೂಗಿದ ಪುಡಿ ಹಾಕಿ, ಸ್ವಲ್ಪ ಸ್ವಲ್ಪ ನೀರು ಬಿಟ್ಟು ದೋಸೆ ಹಿಟ್ಟಿನ ಹದಕ್ಕೆ ಕಲಸಿ. ಗಂಟು ಉಳಿಯಬಾರದು. ಕೈ ಹಾಕಬೇಡಿ, ಕೋಲು ಬಳಸಿ. ಗಾಳಿ ಬೆನ್ನಿಗೆ ಬೀಸುವಂತೆ ನಿಂತುಕೊಳ್ಳಿ. ಬಳಿಕ ಮುಕ್ಕಾಲು ಬಕೆಟ್ ಆಗುವಷ್ಟು ನೀರು ಸುರಿದು ಕದಡಿ ಐದರಿಂದ ಹತ್ತು ನಿಮಿಷ ಬಿಡಿ. ಬಿಳಿ ಗಸಿ ಅಡಿಗೆ ಕೂರುತ್ತದೆ, ಮೇಲೆ ತುಸು ಹಳದಿ ಛಾಯೆಯ ತಿಳಿ ನಿಲ್ಲುತ್ತದೆ. ಕೆಲಸದ್ದು ಆ ತಿಳಿ ಮಾತ್ರ. ಅದನ್ನು ಇನ್ನೊಂದು ಬಕೆಟ್ಟಿಗೆ ಬಗ್ಗಿಸಿಕೊಂಡು ಗಸಿಯನ್ನು ದೂರ ಚೆಲ್ಲಿ. ತಿಳಿ ತುಂಬಿದ ಬಕೆಟ್ಟನ್ನು ಹಗ್ಗದಲ್ಲಿ ನೀರಿನೊಳಕ್ಕೆ ಇಳಿಸಿ, ಮೇಲೆ ಕೆಳಗೆ, ಆ ಬದಿ ಈ ಬದಿ ಚೆನ್ನಾಗಿ ಜಗ್ಗಿ. ಬಾವಿಯ ನೀರೆಲ್ಲ ಒಮ್ಮೆ ಮಗ್ಗುಲು ಬದಲಿಸಬೇಕು. ಒಂದು ಗಂಟೆಯಾದರೂ ಯಾರೂ ಸೇದಬಾರದು. ಬೆಳಗಿನವರೆಗೆ ಬಿಟ್ಟರೆ ಇನ್ನೂ ಒಳ್ಳೆಯದು. ಪಂಪ್ ಇದ್ದವರು ಮರುದಿನ ಎಲ್ಲ ನಲ್ಲಿಗಳನ್ನೂ ವಾಸನೆ ಬರುವ ತನಕ ಬಿಟ್ಟು ನಿಲ್ಲಿಸಬೇಕು. ಇಲ್ಲದಿದ್ದರೆ ಬಾವಿ ಶುದ್ಧ, ಕೊಳವೆ ಹಳೆಯದೇ ಎಂದಾಗುತ್ತದೆ.

ಬೆಳಿಗ್ಗೆ ಒಂದು ಲೋಟ ನೀರನ್ನು ಮೂಗಿನ ಹತ್ತಿರ ಹಿಡಿಯಿರಿ. ನವಿರಾದ ವಾಸನೆ ಇದ್ದರೆ ಸರಿ. ಏನೂ ಇಲ್ಲದಿದ್ದರೆ ಹಾಕಿದ ಕ್ಲೋರಿನ್ ಎಲ್ಲವನ್ನೂ ಕೊಳೆಯೇ ತಿಂದು ಮುಗಿಸಿದೆ ಎಂದರ್ಥ. ಆ ರಾತ್ರಿ ಮತ್ತೊಮ್ಮೆ ಹಾಕಬೇಕು. ಮೂಗು ನಂಬದವರು ಆರೋಗ್ಯ ಉಪಕೇಂದ್ರದಲ್ಲಿ ಅಥವಾ ಪಂಚಾಯಿತಿಯಲ್ಲಿ ಕ್ಲೋರೋಸ್ಕೋಪ್ ಕೇಳಿ. ಹನಿ ಬಿಟ್ಟ ನೀರಿನ ಬಣ್ಣವನ್ನು ಪಟ್ಟಿಯ ಬಣ್ಣಕ್ಕೆ ಹೋಲಿಸಿ ನೋಡುವ ಪುಟ್ಟ ಡಬ್ಬಿ ಅದು. ಒಂದು ಗಂಟೆಯ ನಂತರ ಲೀಟರಿಗೆ 0.5 ಮಿಲಿಗ್ರಾಂ ಉಳಿದಿರಬೇಕು. ಕುಡಿಯುವ ನೀರಿನಲ್ಲಿ ಕನಿಷ್ಠ 0.2 ಇರಬೇಕೆಂದು ಭಾರತೀಯ ಮಾನಕ ಹೇಳುತ್ತದೆ. ಎಳೆಯ ಮಕ್ಕಳಿಗೆ ಕ್ಲೋರಿನ್ ಆಗುತ್ತದೆಯೇ ಎಂದು ನೀವು ಪತ್ರದ ಕೊನೆಯಲ್ಲಿ ಕೇಳಿದ್ದೀರಿ. ವಿಶ್ವ ಆರೋಗ್ಯ ಸಂಸ್ಥೆ ಇಟ್ಟಿರುವ ಮಿತಿ ಲೀಟರಿಗೆ 5 ಮಿಲಿಗ್ರಾಂ. ತೂಗಿ ಹಾಕಿದರೆ ನೀವು ಅದರ ಹತ್ತಿರಕ್ಕೂ ಹೋಗುವುದಿಲ್ಲ.

ಮಳೆಗಾಲದಲ್ಲಿ ವಾರಕ್ಕೊಮ್ಮೆ ಮಾಡಿ. ಊರಿನಲ್ಲಿ ಕಾಮಾಲೆಯೋ ವಾಂತಿಭೇದಿಯೋ ಕಾಣಿಸಿಕೊಂಡರೆ ಪ್ರತಿ ರಾತ್ರಿ.

ಪ್ರಶ್ನೆ: ಅಜ್ಜಿ ಬಾವಿಗೆ ನೆಲ್ಲಿಯ ಕೊಂಬೆ, ಸುಣ್ಣ ಹಾಕಿಸುತ್ತಿದ್ದರು. ಅಪ್ಪ ನೇರಳೆ ಬಣ್ಣದ ಪೊಟ್ಯಾಷ್ ಹಾಕುತ್ತಿದ್ದರು. ಅವೆಲ್ಲ ವ್ಯರ್ಥವೇ? – ವಿದ್ಯಾರ್ಥಿ, ಸಾಗರ

ಉತ್ತರ: ನೆಲ್ಲಿ ಹಾಕಿದ ನೀರಿನ ರುಚಿಯನ್ನು ನಾನು ಬೈಯುವುದಿಲ್ಲ, ಆದರೆ ರುಚಿ ಬೇರೆ, ರೋಗಾಣು ಬೇರೆ. ಪೊಟ್ಯಾಷಿಯಂ ಪರ್ಮಾಂಗನೇಟ್ ಕಾಲರಾ ರೋಗಾಣುವಿನ ಮೇಲೆ ಕೆಲಸ ಮಾಡುತ್ತದೆಂದು ಹಿಂದೆ ಬಾವಿಬಾವಿಗೂ ಹಾಕುತ್ತಿದ್ದರು. ಉಳಿದ ರೋಗಾಣುಗಳಿಗೆ ಅದು ಅಷ್ಟಾಗಿ ತಾಗುವುದಿಲ್ಲ, ನೀರಿಗೆ ಬಣ್ಣ, ವಾಸನೆ ಬೇರೆ ಹತ್ತುತ್ತದೆ. ಅದಕ್ಕೇ ಕೈಬಿಟ್ಟರು. ಸುಣ್ಣದ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಸುಣ್ಣ ನೀರಿನ ಕ್ಷಾರ ಏರಿಸುತ್ತದೆ; ಕ್ಷಾರ ಏರಿದಷ್ಟೂ ಕ್ಲೋರಿನ್ನಿನ ಪೆಟ್ಟು ಮೆತ್ತಗಾಗುತ್ತದೆ. ನಮ್ಮ ಮುರಕಲ್ಲಿನ ಬಾವಿಗಳ ನೀರು ಸಾಮಾನ್ಯವಾಗಿ ತುಸು ಹುಳಿಯ ಕಡೆಗಿರುವುದು ಬ್ಲೀಚಿಂಗ್ ಪುಡಿಗೆ ಅನುಕೂಲವೇ. ಬೆಳಿಗ್ಗೆ ಒಂದು ಬುಟ್ಟಿ ಸುಣ್ಣ ಸುರಿದು ರಾತ್ರಿ ಬ್ಲೀಚಿಂಗ್ ಹಾಕಿದರೆ ಆ ಅನುಕೂಲವನ್ನು ನಾವೇ ಕಳೆದಂತೆ.

ಪ್ರಶ್ನೆ: ಪುಡಿ ಹಾಕುವ ಮುನ್ನ ನೀರು ಕನ್ನಡಿಯಂತಿತ್ತು. ಮರುದಿನ ಚಹಾ ಬಣ್ಣಕ್ಕೆ ತಿರುಗಿದೆ! ಕಲಬೆರಕೆ ಪುಡಿಯೇ? – ಕೃಷಿಕರು, ಬೆಳ್ತಂಗಡಿ

ಉತ್ತರ: ಪುಡಿ ಒಳ್ಳೆಯದೇ ಇತ್ತು, ಅದಕ್ಕೇ ಹೀಗಾಯಿತು. ನಿಮ್ಮ ನೀರಿನಲ್ಲಿ ಕಬ್ಬಿಣ ಕರಗಿದೆ. ಕ್ಲೋರಿನ್ ಅದನ್ನು ತುಕ್ಕಾಗಿಸಿ ಕಣ್ಣಿಗೆ ಕಾಣುವಂತೆ ಮಾಡಿದೆ. ಕದಡದೆ ಬಿಟ್ಟರೆ ತಳಕ್ಕೆ ಇಳಿಯುತ್ತದೆ. ಆದರೆ ಈ ಕೆಲಸಕ್ಕೆ ಕ್ಲೋರಿನ್ ಖರ್ಚಾಗಿರುವುದರಿಂದ ರೋಗಾಣುವಿಗೆ ಉಳಿದದ್ದು ಎಷ್ಟು ಎಂದು ಪರೀಕ್ಷಿಸಲೇಬೇಕು. ಬಿಳಿ ಬಟ್ಟೆ ಒಗೆಯುವುದನ್ನು ಎರಡು ದಿನ ಮುಂದೂಡಿ.

ಪ್ರಶ್ನೆ: ಬಾವಿಯಲ್ಲಿ ಹೆಗ್ಗಣ ಸತ್ತು ಊದಿ ತೇಲಿತ್ತು. ತೆಗೆದು ಬಿಸಾಡಿದ್ದೇವೆ. ಬ್ಲೀಚಿಂಗ್ ಹಾಕಿ ಕುಡಿಯಬಹುದೇ? ಆಳು ಇಳಿಸಿ ಕೆಸರು ತೆಗೆಸುವ ಯೋಚನೆಯೂ ಇದೆ. – ಓದುಗರು, ಕಾರ್ಕಳ

ಉತ್ತರ: ಹಾಗೆಯೇ ಹಾಕಿ ಕುಡಿಯಬೇಡಿ. ಪಂಪ್ ಇಟ್ಟು ಆದಷ್ಟೂ ನೀರು ಹೊರಹಾಕಿ. ಹತ್ತು ಲೀಟರ್ ನೀರಿಗೆ 50 ಗ್ರಾಂ ಪುಡಿಯ ತಿಳಿ ಮಾಡಿಕೊಂಡು ಮೇಲಿನಿಂದಲೇ ಗೋಡೆಯ ಸುತ್ತ ಇಳಿಬಿಡಿ. ಆಗ ಬಾವಿಯೊಳಗೆ ಯಾರೂ ಇರಬಾರದು. ತೊಳೆದ ನೀರನ್ನೂ ಎತ್ತಿ ಚೆಲ್ಲಿ. ಹೊಸ ನೀರು ತುಂಬಿದ ಮೇಲೆ ಸಾವಿರಕ್ಕೆ ಐದು ಗ್ರಾಂ ಲೆಕ್ಕದಲ್ಲಿ ಹಾಕಿ, ನೀರನ್ನು ಪ್ರಯೋಗಾಲಯಕ್ಕೆ ಕಳುಹಿಸಿ. 100 ಮಿಲಿಲೀಟರಿನಲ್ಲಿ ಮಲದಲ್ಲಿರುವ ಇ-ಕೋಲಿ ಬ್ಯಾಕ್ಟೀರಿಯಾ ಒಂದೇ ಒಂದು ಕೂಡ ಕಾಣಬಾರದು ಎಂಬುದು ನಿಯಮ. ವರದಿ ಬರುವವರೆಗೆ ಕುದಿಸಿಯೇ ಕುಡಿಯಿರಿ. ಕುದಿಸುವುದೆಂದರೆ ಗುಳ್ಳೆಗಳು ಕೊತಕೊತನೆ ಏಳಬೇಕು. ಉಗುರು ಬೆಚ್ಚಗಿನ ಜೀರಿಗೆ ನೀರು ಲೆಕ್ಕಕ್ಕಿಲ್ಲ. ಮದುವೆ ಮನೆಗಳಲ್ಲಿ ಕುದಿಸಿದ ಹಂಡೆಗೆ ‘ಸ್ವಲ್ಪ ಆರಲಿ’ ಎಂದು ಎರಡು ಕೊಡ ತಣ್ಣೀರು ಬೆರೆಸುವ ಮಹಾನುಭಾವರಿದ್ದಾರೆ. ಬಂಧುಬಳಗಕ್ಕೆಲ್ಲ ಕಾಮಾಲೆ ಹಂಚಲು ಅಷ್ಟು ಸಾಕು.

ಆಳು ಇಳಿಸುವ ಮಾತಿಗೆ ಬರೋಣ. ಮಳೆಗಾಲದಲ್ಲಿ ಬೇಡ. ಬೇಸಿಗೆಯಲ್ಲೂ ದೀಪ ಇಳಿಸಿ ನೋಡಿದೆವು, ಆರಲಿಲ್ಲ ಎಂದು ಧೈರ್ಯ ಮಾಡಬೇಡಿ. ದೀಪ ಆರಿದರೆ ಆಮ್ಲಜನಕ ಕಡಿಮೆ ಎಂದು ತಿಳಿಯುತ್ತದೆ, ಅಷ್ಟೇ. ಇಂಗಾಲದ ಮಾನಾಕ್ಸೈಡ್ ಇದ್ದರೂ ದೀಪ ಉರಿಯುತ್ತಲೇ ಇರುತ್ತದೆ. ಡೀಸೆಲ್ ಪಂಪನ್ನು ಬಾವಿಯೊಳಗಿನ ಮೆಟ್ಟಿಲಲ್ಲಿ ಇಟ್ಟು ಓಡಿಸಿದರೆ ಅದೇ ಅನಿಲ ಒಳಗೆ ತುಂಬಿಕೊಳ್ಳುತ್ತದೆ. ಇಳಿದವನು ಕುಸಿದರೆ ಅವನನ್ನು ತರಲು ಇನ್ನೊಬ್ಬ ಇಳಿಯುತ್ತಾನೆ, ಹಾಗೆಯೇ ಒಂದೇ ಮನೆಯ ಇಬ್ಬರು ಮೂವರು ಹೋಗುತ್ತಾರೆ. ಅಂಥ ಹೊತ್ತಿನಲ್ಲಿ ಇಳಿಯಬೇಡಿ, 112ಕ್ಕೆ ಕರೆ ಮಾಡಿ. ಕೆಸರು ತೆಗೆಸಲೇಬೇಕಾದರೆ ಸೊಂಟಕ್ಕೆ ಹಗ್ಗ, ಮೇಲೆ ಎಳೆಯಲು ಜನ, ಒಳಗೆ ಗಾಳಿ ಊದುವ ಯಂತ್ರ, ಇಷ್ಟೂ ಇರುವ ಅನುಭವಿಗಳಿಗೆ ಕೊಡಿ.

ಪ್ರಶ್ನೆ: ನಾವು ತಪ್ಪದೆ ಪ್ರತಿ ವಾರ ಬ್ಲೀಚಿಂಗ್ ಹಾಕುತ್ತೇವೆ. ಆದರೂ ಪರೀಕ್ಷಾ ಬಾಟಲಿಯ ನೀರು ಮರುದಿನಕ್ಕೆ ಕಪ್ಪಾಗುತ್ತದೆ. ಪಕ್ಕದವರು ಹೊಸ ಮನೆ ಕಟ್ಟಿ ನಮ್ಮ ಬಾವಿಯಿಂದ 25 ಅಡಿ ದೂರದಲ್ಲಿ, ಮೇಲ್ಭಾಗದಲ್ಲಿ ಪಾಯಿಖಾನೆ ಗುಂಡಿ ತೋಡಿದ್ದಾರೆ. – ನಿವೃತ್ತ ಶಿಕ್ಷಕರು, ಕುಂದಾಪುರ

ಉತ್ತರ: ಮೇಷ್ಟ್ರೇ, ಪ್ರಶ್ನೆಯ ಎರಡನೆಯ ವಾಕ್ಯಕ್ಕೆ ಮೂರನೆಯ ವಾಕ್ಯದಲ್ಲಿ ನೀವೇ ಉತ್ತರ ಬರೆದಿದ್ದೀರಿ. ಬಾಟಲಿ ಕಪ್ಪಾಗುವುದೆಂದರೆ ಮಲದ ಜತೆ ಬರುವ ಬ್ಯಾಕ್ಟೀರಿಯಾಗಳು ನೀರಿನಲ್ಲಿವೆ ಎಂಬ ಸೂಚನೆ. ಬ್ಲೀಚಿಂಗ್ ಪುಡಿ ಆ ರಾತ್ರಿ ಬಾವಿಯಲ್ಲಿದ್ದ ನೀರನ್ನು ಶುದ್ಧ ಮಾಡಿತು. ನೀವು ಸೇದಿದ ಹಾಗೆಲ್ಲ ಒಸರಿ ಬರುವ ಹೊಸ ನೀರಿನ ಜವಾಬ್ದಾರಿಯನ್ನು ಅದು ಹೊತ್ತಿಲ್ಲ.

ಬಾವಿಗೂ ಇಂಗುಗುಂಡಿಗೂ ಕನಿಷ್ಠ 15 ಮೀಟರ್, ಅಂದರೆ 50 ಅಡಿ ಇರಬೇಕು ಎನ್ನುತ್ತಾರೆ. ನಿಮ್ಮಲ್ಲಿ ಅದರ ಅರ್ಧ. ಅದೂ ಮುರಕಲ್ಲಿನ ನೆಲದಲ್ಲಿ. ಹೊಸದಾಗಿ ಕಡಿದ ಮುರಕಲ್ಲೊಂದನ್ನು ಕೈಗೆತ್ತಿಕೊಂಡು ನೋಡಿ: ಬೆರಳು ತೂರುವಷ್ಟು ಬಿಲಗಳು, ಒಂದರೊಳಗೊಂದು ಸೇರಿಕೊಂಡು ಆಚೆ ಬದಿಗೆ ಹೋಗುತ್ತವೆ. ಮರಳು ಮಣ್ಣಿನಂತೆ ಈ ಕಲ್ಲು ಸೋಸುವುದಿಲ್ಲ, ದಾಟಿಸುತ್ತದೆ. ಬೇಸಿಗೆಯಲ್ಲಿ ನೀರಿನ ಮಟ್ಟ ಗುಂಡಿಗಿಂತ ಬಹಳ ಕೆಳಗಿರುವುದರಿಂದ ಗೊತ್ತಾಗುವುದಿಲ್ಲ. ಜುಲೈನಲ್ಲಿ ಅದು ಗುಂಡಿಯ ತಳದ ತನಕ ಏರಿ ಬರುತ್ತದೆ. ಆಮೇಲೆ ಗುಂಡಿ, ಬಾವಿ ಎಂಬ ಭೇದ ನಮಗೆ ಮಾತ್ರ, ನೀರಿಗಿಲ್ಲ. ಇಂಥ ನೆಲದಲ್ಲಿ 50 ಅಡಿಯೂ ಸಾಲದೆ ಹೋಗಬಹುದು.

ಜಗಳಕ್ಕೆ ಮುಂಚೆ ಕಾಗದ ಮಾಡಿಕೊಳ್ಳಿ. ನೀರಿನಲ್ಲಿ ಇ-ಕೋಲಿ, ನೈಟ್ರೇಟ್, ಕ್ಲೋರೈಡ್ ಮೂರನ್ನೂ ಪರೀಕ್ಷಿಸಿ. ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ದಾಟಬಾರದು. ದಾಟದಿದ್ದರೂ, ಗುಂಡಿ ಬರುವ ಮುಂಚಿನ ವರದಿ ನಿಮ್ಮಲ್ಲಿದ್ದು ಈಗ ಮೂರೂ ಒಟ್ಟಿಗೆ ಏರಿದ್ದರೆ ಅದು ಗುಂಡಿಯ ಕಡೆಗೇ ಬೆರಳು ತೋರಿಸುತ್ತದೆ. ಆ ವರದಿ ಹಿಡಿದು ಮೊದಲು ಪಕ್ಕದ ಮನೆಗೆ ಹೋಗಿ. ಅವರ ಬಾವಿಯೂ ಅದೇ ನೆಲದಲ್ಲಿದೆಯಲ್ಲ, ಅವರ ನೀರನ್ನೂ ಪರೀಕ್ಷಿಸಲು ಹೇಳಿ. ನನ್ನ ಅನುಭವದಲ್ಲಿ ಪಂಚಾಯಿತಿಯ ನೋಟಿಸಿಗಿಂತ ಸ್ವಂತ ಬಾಟಲಿ ಕಪ್ಪಾಗುವುದೇ ಹೆಚ್ಚು ಕೆಲಸ ಮಾಡುತ್ತದೆ. ತಳ, ಗೋಡೆ ಎರಡಕ್ಕೂ ಕಾಂಕ್ರೀಟ್ ಹಾಕಿದ, ಸೋರದ ಸೆಪ್ಟಿಕ್ ಟ್ಯಾಂಕ್ ಕಟ್ಟಿ, ಅದರಿಂದ ಹೊರಬರುವ ನೀರನ್ನು ಬಾವಿಗಿಂತ ತಗ್ಗಿನ ಕಡೆಗೆ ದೂರಕ್ಕೆ ಒಯ್ಯುವುದೇ ಪರಿಹಾರ. ಕೇಳದಿದ್ದರೆ ಪಿಡಿಒ ಅವರಿಗೆ ಲಿಖಿತ ದೂರು, ಜತೆಗೆ ವರದಿಯ ಪ್ರತಿ.

ನಿಮ್ಮ ಬಾವಿಯನ್ನೂ ಒಮ್ಮೆ ನೋಡಿಕೊಳ್ಳಿ. ಕಟ್ಟೆ ಎರಡೂಕಾಲು ಅಡಿಯಾದರೂ ಎತ್ತರ ಇದೆಯೇ? ಸುತ್ತ ಒಂದು ಮೀಟರ್ ಸಿಮೆಂಟಿನ ದಂಡೆ, ನೀರು ಹರಿದುಹೋಗಲು ಕಾಲುವೆ ಇದೆಯೇ? ಮೇಲಿನಿಂದ 20 ಅಡಿಯವರೆಗೆ ಒಳಗೋಡೆ ಬಿಗಿಯಾಗಿ ಗಾರೆಯಾಗಿದೆಯೇ? ಬಹಳ ಮನೆಗಳಲ್ಲಿ ಬಟ್ಟೆ ಒಗೆಯುವ ಕಲ್ಲು ಬಾವಿಕಟ್ಟೆಗೇ ಅಂಟಿಕೊಂಡಿರುತ್ತದೆ. ಆ ಕಲ್ಲು ಎತ್ತಿ ದೂರ ಇಟ್ಟರೆ ಬ್ಲೀಚಿಂಗ್ ಪುಡಿಯ ಅರ್ಧ ಕೆಲಸ ಕಡಿಮೆ.

ಪ್ರಶ್ನೆ: ವಾರ ವಾರ ಕಲಸಿ ಹಾಕುವ ತಾಪತ್ರಯ ತಪ್ಪಿಸಲು ಮಡಕೆಯ ವಿಧಾನ ಇದೆಯಂತೆ? – ಓದುಗರು, ತೀರ್ಥಹಳ್ಳಿ

ಉತ್ತರ: ಇದೆ. ನಾಗಪುರದ ರಾಷ್ಟ್ರೀಯ ಪರಿಸರ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆ (ನೀರಿ) ರೂಪಿಸಿದ ಜೋಡಿ ಮಡಕೆ ವಿಧಾನ. ಒಂದು ಕಿಲೋ ಪುಡಿಗೆ ಎರಡು ಕಿಲೋ ದಪ್ಪ ಮರಳು ಬೆರೆಸಿ, ತುಸು ತೇವ ಮಾಡಿ, ಚಿಕ್ಕ ಮಡಕೆಗೆ ತುಂಬುವುದು. ಅದರ ಕಂಠದ ಹತ್ತಿರ ಒಂದು ಸೆಂಟಿಮೀಟರಿನ ತೂತು. ಮಿಶ್ರಣ ಆ ತೂತಿಗಿಂತ ಮೂರು ಸೆಂಟಿಮೀಟರ್ ಕೆಳಗೇ ನಿಲ್ಲಬೇಕು. ಅದನ್ನು ದೊಡ್ಡ ಮಡಕೆಯೊಳಗೆ ಇಟ್ಟು, ದೊಡ್ಡದರ ತಳದಿಂದ ನಾಲ್ಕು ಸೆಂಟಿಮೀಟರ್ ಮೇಲೆ ಅಷ್ಟೇ ಗಾತ್ರದ ತೂತು ಮಾಡಿ, ಬಾಯಿಗೆ ಪ್ಲಾಸ್ಟಿಕ್ ಹಾಳೆ ಬಿಗಿದು, ನೀರಿನ ಮಟ್ಟದಿಂದ ಒಂದು ಮೀಟರ್ ಕೆಳಗೆ ತೂಗುಬಿಡುವುದು. ಎರಡು–ಮೂರು ವಾರ ಕ್ಲೋರಿನ್ ಮೆಲ್ಲಗೆ ಒಸರುತ್ತದೆ. ಆದರೆ ಇದು ಸುಮಾರು 4,500 ಲೀಟರಿನ, ದಿನಕ್ಕೆ 360ರಿಂದ 450 ಲೀಟರ್ ಸೇದುವ ಬಾವಿಗೆ ಹಾಕಿದ ಲೆಕ್ಕ. ಮಲೆನಾಡಿನ ಮಳೆಗಾಲದ ಬಾವಿ ಅದರ ಮೂರು ನಾಲ್ಕು ಪಟ್ಟು ಇರುತ್ತದೆ, ತೋಟಕ್ಕೆ ಪಂಪ್ ಬೇರೆ ಹಚ್ಚಿರುತ್ತೀರಿ. ಮಡಕೆ ಇಳಿಸಿದ್ದೇವೆ ಎಂದು ನಿಶ್ಚಿಂತರಾಗದೆ ಆಗಾಗ ಕ್ಲೋರಿನ್ ಪರೀಕ್ಷಿಸುವುದಾದರೆ ಮಾಡಿ.

ಪ್ರಶ್ನೆ: ಅಡುಗೆಮನೆಯಲ್ಲಿ ದುಬಾರಿ ಶುದ್ಧೀಕರಣ ಯಂತ್ರ ಇದೆ. ಬಾವಿಗೆ ಯಾಕೆ ಬೇಕು ಬ್ಲೀಚಿಂಗ್? – ಬ್ಯಾಂಕ್ ಉದ್ಯೋಗಿ, ಮಂಗಳೂರು

ಉತ್ತರ: ಹಲ್ಲುಜ್ಜಲು, ಕೊತ್ತಂಬರಿ ಸೊಪ್ಪು ತೊಳೆಯಲು, ಲೋಟ ಅಲುಬಲು ಯಾವ ನೀರು ಬಳಸುತ್ತೀರಿ? ಯಂತ್ರದಲ್ಲಿ ರೋಗಾಣು ಕೊಲ್ಲುವ ನೇರಳಾತೀತ ಬೆಳಕು ಕದಡಿದ ನೀರಿನೊಳಗೆ ತೂರುವುದಿಲ್ಲ, ಕರೆಂಟ್ ಹೋದರೆ ಬೆಳಕೇ ಇಲ್ಲ. ಯಂತ್ರ ಇರಲಿ, ಬಾವಿಗೂ ಹಾಕಿ. ಲವಣಾಂಶ ಕಡಿಮೆ ಇರುವ ನಮ್ಮ ಬಾವಿ ನೀರಿಗೆ ಲವಣ ತೆಗೆಯುವ ಆರ್‌ಒ ಯಂತ್ರ ಮಾರಿದವರ ಜಾಣ್ಮೆಯನ್ನಂತೂ ಮೆಚ್ಚಬೇಕು.

ಪ್ರಶ್ನೆ: ನಮ್ಮ ಕೊಳವೆಬಾವಿ ನೀರಿನಿಂದ ಮಕ್ಕಳ ಹಲ್ಲು ಕಂದಾಗುತ್ತಿದೆ. ಬ್ಲೀಚಿಂಗ್ ಹಾಕಿದರೆ ಹೋಗುತ್ತದೆಯೇ? – ಓದುಗರು, ಪಾವಗಡ

ಉತ್ತರ: ಹೋಗುವುದಿಲ್ಲ. ನೀವು ಹೇಳುವ ಲಕ್ಷಣ ಫ್ಲೋರೈಡಿನದು. ಅದು ರೋಗಾಣುವಲ್ಲ, ಕಲ್ಲಿನಿಂದ ಕರಗಿ ಬಂದ ಲವಣ. ಕುದಿಸಿದರೆ ನೀರು ಆವಿಯಾಗಿ ಫ್ಲೋರೈಡ್ ಇನ್ನಷ್ಟು ದಟ್ಟವಾಗುತ್ತದೆ. ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ. ಮೊದಲು ಪರೀಕ್ಷೆ ಮಾಡಿಸಿ. ಕುಡಿಯಲು, ಅಡುಗೆಗೆ ಶುದ್ಧ ನೀರಿನ ಘಟಕದಿಂದಲೋ ಮಳೆನೀರು ಸಂಗ್ರಹದಿಂದಲೋ ತನ್ನಿ. ನಿಮ್ಮ ಕಡೆಯ ಯಂತ್ರದಲ್ಲಿ ಆರ್‌ಒ ಇದ್ದರೆ ನಾನು ನಗುವುದಿಲ್ಲ.

ಪ್ರಶ್ನೆ: ಬಾವಿಯಲ್ಲಿ ಸೊಳ್ಳೆ ಮರಿ ತಿನ್ನಲು ಆರೋಗ್ಯ ಇಲಾಖೆಯವರೇ ಬಿಟ್ಟ ಗಪ್ಪಿ ಮೀನುಗಳಿವೆ, ಒಂದು ಆಮೆಯೂ ಇದೆ. ಈಗ ಅದೇ ಇಲಾಖೆ ಬ್ಲೀಚಿಂಗ್ ಹಾಕಿ ಎನ್ನುತ್ತಿದೆ. ಯಾರ ಮಾತು ಕೇಳಲಿ? – ಗೃಹಿಣಿ, ಪುತ್ತೂರು

ಉತ್ತರ: ಎರಡನ್ನೂ ಕೇಳಿ, ಒಂದೇ ದಿನ ಅಲ್ಲ. ನಮಗೆ ರುಚಿಯೂ ತಿಳಿಯದಷ್ಟು ಕ್ಲೋರಿನ್ ಮೀನಿನ ಕಿವಿರು ಸುಡುತ್ತದೆ. ಪುಡಿ ಹಾಕುವ ಮುನ್ನವೇ ತೊಟ್ಟಿಯೊಂದಕ್ಕೆ ಬಾವಿ ನೀರು ಸೇದಿಟ್ಟುಕೊಂಡು, ಬಲೆಯಲ್ಲಿ ಸಿಕ್ಕಷ್ಟು ಗಪ್ಪಿಗಳನ್ನು ಅದಕ್ಕೆ ಬಿಡಿ. ಮಳೆಗಾಲ ಪೂರ್ತಿ ಅವು ತೊಟ್ಟಿಯಲ್ಲೇ ಇರಲಿ, ವಾರ ವಾರ ಹಿಡಿಯುತ್ತಾ ಕೂರಬೇಡಿ. ಅಷ್ಟು ದಿನ ಬಾವಿಯ ಬಾಯಿಗೆ ಸೊಳ್ಳೆ ನುಸುಳದ ಸಣ್ಣ ಕಣ್ಣಿನ ಬಲೆ ಕಟ್ಟಿ. ಆಮೆಯ ವಿಷಯ ಬೇರೆ. ಅದು ನೀರು ಶುದ್ಧ ಮಾಡುತ್ತದೆಂಬ ನಂಬಿಕೆ ನಮ್ಮಲ್ಲಿದೆ. ವಾಸ್ತವವಾಗಿ ಆಮೆಗಳ ಮಲದಲ್ಲಿ ಸಾಲ್ಮೊನೆಲ್ಲಾ ಎಂಬ ರೋಗಾಣು ಇರುವುದು ಸಾಮಾನ್ಯ. ನೀವಾಗಿ ಹಿಡಿದು ಸಾಗಿಸಬೇಡಿ, ಅರಣ್ಯ ಇಲಾಖೆಗೆ ತಿಳಿಸಿ, ಅವರು ಒಯ್ಯುತ್ತಾರೆ. ಮಳೆ ನಿಂತು, ಬ್ಲೀಚಿಂಗ್ ನಿಲ್ಲಿಸಿ, ಕ್ಲೋರೋಸ್ಕೋಪ್ ಸೊನ್ನೆ ತೋರಿಸಿದ ಮೇಲೆ ಗಪ್ಪಿಗಳನ್ನು ಬಾವಿಗೆ ಮರಳಿ ಬಿಡಬಹುದು.